ವೀರೇಶನ ಬೂದಿ, ನನ್ನ ಹೊಟ್ಟೆಕಿಚ್ಚು

ನಲವತ್ತು ತುಂಬುವ ಮೊದಲೇ ನಿವೃತ್ತನಾದ ರಸಾಯನಶಾಸ್ತ್ರದ ಮಾಸ್ತರ ಇಡೀ ಬಾಗಲಕೋಟೆಯಲ್ಲಿ ನಾನೊಬ್ಬನೇ ಇರಬೇಕು. ದ್ರಾವಕಗಳ ವಾಸನೆ ಕುಡಿದು ಕುಡಿದು ನನ್ನ ಶ್ವಾಸಕೋಶ ಮುನಿಸಿಕೊಂಡಿತು. ಇನ್ನು ಪ್ರಯೋಗಾಲಯದ ಹೊಸ್ತಿಲು ದಾಟಬಾರದೆಂದು ದವಾಖಾನೆಯಲ್ಲಿ ಕಟ್ಟಪ್ಪಣೆ ಮಾಡಿದರು. ಎದೆಯನ್ನು ಹಿಂದಿನಿಂದ ಮುಂದಿನಿಂದ ಬಡಿದು ಬಡಿದು ಪರೀಕ್ಷೆ ಮಾಡಿದರು. ಹೊಟ್ಟೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮುಟ್ಟಿದ್ದರೆ ಒಳಗಿನ ಕಿಚ್ಚು ನೋಡಿ ನೀರಿನ ಬಂಡಿ ಕರೆಸುತ್ತಿದ್ದರು.

ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರುವ ಹುಡುಗ ಹುಡುಗಿಯರು ಈಗ ನನ್ನ ಹತ್ತಿರ ಬರುತ್ತಾರೆ. ಯಾವ ಪುಸ್ತಕ ಓದಬೇಕು, ಯಾವ ಯಂತ್ರ ಕಲಿಯಬೇಕು ಎಂದು ಕೇಳುತ್ತಾರೆ. ಪ್ರಶಸ್ತಿ, ಬಡ್ತಿಗಳ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಮುಖ ನೋಡಿದ ಕೂಡಲೇ ಅದು ಅವರಿಗೆ ತಿಳಿಯುತ್ತದೆ. ಅವರಿಗೆ ಚಹಾ ಕುಡಿಸಿ ಕಳಿಸುವ ಬದಲು ಇದನ್ನು ಬರೆದಿಟ್ಟಿದ್ದೇನೆ. ಇದರಲ್ಲಿ ಉಪದೇಶ ಕಡಿಮೆ, ವೀರೇಶ ಹೆಚ್ಚು.

ವೀರೇಶ ಹುನಗುಂದದವನು, ನಾನು ಕೆರೂರಿನವನು. ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಒಂದೇ ದಿನ, ಒಬ್ಬರೇ ಸರ್ ಕೈಕೆಳಗೆ ಪಿಎಚ್.ಡಿ.ಗೆ ಸೇರಿದೆವು. ಒಂದೇ ಮೇಜು, ಒಂದೇ ನಳ, ಒಂದೇ ಮುರುಕು ಸ್ಟೂಲು. ಉಳಿದದ್ದೆಲ್ಲ ಬೇರೆ. ನಮ್ಮ ಕೆಲಸದಲ್ಲಿ ಕ್ರಿಯೆ ನಡೆದಿದೆಯೋ ಇಲ್ಲವೋ ನೋಡಲು ಬೆರಳಗಲದ ಬಿಳಿ ತಗಡಿನ ಮೇಲೆ ಒಂದು ಚುಕ್ಕೆ ಹಚ್ಚಿ, ದ್ರಾವಕದಲ್ಲಿ ನಿಲ್ಲಿಸಿ, ಅದು ಮೇಲೇರಿದ ಮೇಲೆ ನೇರಳೆ ದೀಪದ ಕೆಳಗೆ ಹಿಡಿಯುತ್ತೇವೆ. ಹೊಸ ವಸ್ತು ಹುಟ್ಟಿದ್ದರೆ ಹೊಸ ಚುಕ್ಕೆ ಕಾಣುತ್ತದೆ. ವೀರೇಶನ ಚುಕ್ಕೆ ಹಣೆಗಿಟ್ಟ ಕುಂಕುಮದ ಹಾಗೆ ದುಂಡಗೆ. ನನ್ನದು ತಾಟು ಓರೆಯಾಗಿ ಹರಿದ ಸಾರಿನ ಹಾಗೆ ಮೇಲಿನಿಂದ ಕೆಳಗಿನ ತನಕ. ಅವನ ಫ್ಲಾಸ್ಕಿನಲ್ಲಿ ಸಕ್ಕರೆಯಂಥ ಹರಳು ಇಳಿದರೆ ನನ್ನದರಲ್ಲಿ ಕಾಕಂಬಿ ಇಳಿಯುತ್ತಿತ್ತು. ಒಮ್ಮೆ ದ್ರಾವಕ ಹಾರಿಸುವ ಯಂತ್ರಕ್ಕೆ ಫ್ಲಾಸ್ಕು ಸಿಕ್ಕಿಸಿ ಗಾಳಿ ಎಳೆಯುವ ಪಂಪು ಹಚ್ಚಿದೆ. ಒಂದು ವಾರ ಮಾಡಿದ ಮಾಲೆಲ್ಲ ಕುದ್ದು ಪಂಪಿನ ಹೊಟ್ಟೆಗೆ ಹೋಯಿತು. ಆಮೇಲೆ ಆ ಪಂಪು ನನಗಿಂತ ಚುರುಕಾಗಿ ಕೆಲಸ ಮಾಡತೊಡಗಿತು ಎಂದು ವೀರೇಶ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ನಮ್ಮ ಸರ್ ಹೆಸರು ದೇಸಾಯಿ. ಅಂಗಿ ಯಾವಾಗಲೂ ಇಸ್ತ್ರಿಯದು, ಮಾತು ಮಾತ್ರ ಎಂದೂ ಇಸ್ತ್ರಿ ಕಂಡದ್ದಲ್ಲ. ಹೊಗಳುವುದು ಅವರಿಗೆ ಬರುತ್ತಿರಲಿಲ್ಲ. ಕೆಲಸ ಚೆನ್ನಾಗಿದ್ದರೆ ‘ಹೂಂ’, ಕೆಟ್ಟಿದ್ದರೆ ಉದ್ದನೆಯ ‘ಹೂಂ’. ಅವರ ವಿಷಯ ಕ್ರಿಯಾವರ್ಧಕಗಳು. ಕ್ರಿಯಾವರ್ಧಕ ಎಂದರೆ ಎರಡು ವಸ್ತುಗಳನ್ನು ಒಂದುಗೂಡಿಸಿ ತಾನು ಇದ್ದ ಹಾಗೇ ಹೊರಗೆ ಬರುವಂಥದ್ದು. ಮದುವೆ ಕೂಡಿಸಿ, ಉಂಡು, ಕೈ ತೊಳೆದುಕೊಂಡು ಮುಂದಿನ ಮನೆಗೆ ಹೋಗುವ ಮಧ್ಯಸ್ಥ ಇದ್ದಾನಲ್ಲ, ಹಾಗೆ. ಔಷಧ ತಯಾರಿಸುವವರು ಇದಕ್ಕೆ ಬಹಳ ಸಲ ತುಟ್ಟಿಯ, ವಿಷದ ಲೋಹಗಳನ್ನು ಬಳಸುತ್ತಾರೆ. ಅದರ ಬದಲು ನಮ್ಮ ಸುತ್ತ ಬಿಸಾಡುವ ವಸ್ತುಗಳಿಂದಲೇ ಈ ಕೆಲಸ ಆಗುತ್ತದೆಯೋ ನೋಡಬೇಕು ಎಂಬುದು ಸರ್ ಹಟ. ಸಿಪ್ಪೆ, ದಂಟು, ಹೊಟ್ಟು ಏನಾದರೂ ಸುಟ್ಟು, ಬೂದಿಗೆ ನೀರು ಹಾಕಿ, ಸೋಸಿದ ತಿಳಿಯಲ್ಲಿ ಕ್ರಿಯೆ ನಡೆಸಿ ನೋಡುವುದು ನಮ್ಮ ದಿನನಿತ್ಯದ ಕಸುಬು.

ವೀರೇಶ ದಾಳಿಂಬೆ ಸಿಪ್ಪೆ ಹಿಡಿದ. ಬಸ್ ಸ್ಟ್ಯಾಂಡಿನ ಹತ್ತಿರದ ಜ್ಯೂಸ್ ಅಂಗಡಿಯವರು ಚೀಲ ತುಂಬಿ ತಾವೇ ಕೊಡುತ್ತಿದ್ದರು. ಅವನ ಕೈಗೆ ಸಿಪ್ಪೆ ಕೂಡ ನಡೆದುಕೊಂಡು ಬರುತ್ತಿತ್ತು. ನಾನು ಜೋಳದ ದಂಟು ಆರಿಸಿದೆ. ಶಿರೂರಿನ ಗೆಳೆಯನೊಬ್ಬನ ಹೊಲದಿಂದ ಒಂದು ಸಿವುಡು ತಂದು ಕೆರೂರಿನ ನಮ್ಮ ಮನೆಯ ಹಿತ್ತಲಲ್ಲಿ ಬೆಂಕಿ ಹಚ್ಚಿದೆ. ಹೊಗೆ ನೋಡಿದ ನೆರೆಮನೆಯ ಕಾಶವ್ವ ಬಣವೆಗೆ ಬೆಂಕಿ ಬಿದ್ದಿದೆ ಎಂದು ಕೊಡ ಹೊತ್ತು ಓಡಿ ಬಂದವಳು ದಂಟಿನ ಮೇಲೂ ನನ್ನ ಮೇಲೂ ನೀರು ಸುರಿದಳು. ಬೂದಿಗೆ ನೀರು ಹಾಕುವುದು ನಮ್ಮ ವಿಧಾನದ ಎರಡನೆಯ ಹಂತ. ಅದನ್ನು ಆಕೆಯೇ ಮುಗಿಸಿಕೊಟ್ಟ ಹಾಗಾಯಿತು. ನನ್ನ ಅವ್ವ ಹೊರಗೆ ಬಂದು ನೋಡಿ, “ದನಾ ತಿನ್ನೂದನ್ನ ಸುಡ್ತಿಯಲ್ಲೋ, ಇದನ್ನ ಯಾವ ಸಾಲ್ಯಾಗ ಕಲಿಸ್ಯಾರ?” ಎಂದಳು. ಸರ್‌ಗೆ ವಿಷಯ ತಿಳಿದು, ಮೇವನ್ನು ಕಸ ಎಂದುಕೊಂಡವನ ಕೈಗೆ ಹಸಿರು ರಸಾಯನಶಾಸ್ತ್ರ ಕೊಡುವುದು ಹೇಗೆ ಎಂದು ಉದ್ದನೆಯ ‘ಹೂಂ’ ಹಾಕಿದರು.

ಹಸಿರಿನ ಮಾತು ಬಂತು, ಇನ್ನೊಂದನ್ನೂ ಹೇಳಿಬಿಡುತ್ತೇನೆ. ಕ್ರಿಯೆ ನೀರಿನಲ್ಲಿ ನಡೆಯಿತು, ಪರಿಸರ ಉಳಿಯಿತು ಎಂದು ನಾವು ಲೇಖನಗಳಲ್ಲಿ ದೊಡ್ಡದಾಗಿ ಬರೆಯುತ್ತಿದ್ದೆವು. ಆದರೆ ಬಂದ ಚಿಟಿಕೆಯಷ್ಟು ಮಾಲನ್ನು ಶುದ್ಧ ಮಾಡಲು ಕ್ಯಾನುಗಟ್ಟಲೆ ಹೆಕ್ಸೇನ್ ಎಂಬ ದ್ರಾವಕ ಸುರಿಯುತ್ತಿದ್ದೆವು. ಆ ಕ್ಯಾನುಗಳ ಲೆಕ್ಕವೆಲ್ಲ ನನ್ನ ಎದೆಯಲ್ಲಿದೆ. ಈಗಿನ ಹುಡುಗರು ಹರಳು ಕಟ್ಟಿಸಿ, ಸೋಸಿ ಮುಗಿಸುತ್ತಾರೆ; ಯಂತ್ರಕ್ಕೆ ಒಂದು ಹನಿ ಕೊಟ್ಟರೆ ಅದೇ ಎಲ್ಲವನ್ನೂ ಹೇಳುತ್ತದೆ. ನಮ್ಮ ಕಾಲಕ್ಕೆ ಮಾಲು ಏನೆಂದು ತಿಳಿಯಬೇಕಾದರೆ ಚಿಕ್ಕ ಸೀಸೆಯನ್ನು ಬಸ್ಸಿನಲ್ಲಿ ಧಾರವಾಡಕ್ಕೆ ಕಳಿಸಿ, ಅಲ್ಲಿಯ ಯಂತ್ರದ ಪಾಳಿ ಬರುವ ತನಕ ಕಾಯಬೇಕಿತ್ತು. ಹೀಗೆ ಕಾಯುತ್ತಿದ್ದಾಗಲೇ ನಾನು ಒಮ್ಮೆ ಎಲ್ಲರೆದುರು, ವೀರೇಶ ಕಳಿಸಿದ್ದು ಹೊಸ ವಸ್ತುವೇ ಅಲ್ಲ, ಹಾಕಿದ್ದೇ ಹಾಗೇ ಉಳಿದಿದೆ ಎಂದು ಡಂಗುರ ಹೊಡೆದೆ. ಧಾರವಾಡದಿಂದ ಉತ್ತರ ಬಂತು. ಹೊಸ ವಸ್ತುವೇ ಆಗಿತ್ತು, ಅದೂ ಒಂದು ಕಸ ಕೂಡ ಇಲ್ಲದಂಥದು. ಅಂದಿನಿಂದ ವೀರೇಶನ ಕೆಲಸದ ಬಗ್ಗೆ ನಾನು ಬಾಯಿ ತೆರೆದರೆ ಸಾಕು, ‘ಇವನ ಹೊಟ್ಟಿ ಉರದೈತಿ’ ಎಂದು ಉಳಿದವರು ನೀರಿನ ಬಾಟಲಿ ಮುಂದೆ ಚಾಚುತ್ತಿದ್ದರು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಫ್ಲಾಸ್ಕಿನೊಳಗಿನ ದ್ರವವನ್ನು ಕಲಕಲು ಉತ್ತತ್ತಿ ಬೀಜದಂಥ, ಬಿಳಿ ಹೊದಿಕೆಯ ಅಯಸ್ಕಾಂತದ ತುಂಡು ಹಾಕುತ್ತೇವೆ. ಕೆಳಗಿನ ಯಂತ್ರ ತಿರುಗಿದರೆ ಅದೂ ಒಳಗೆ ಗಿರಗಿರ ತಿರುಗುತ್ತದೆ. ಅದಕ್ಕೆ ಬೀಡ್ ಎನ್ನುತ್ತೇವೆ. ಪದವಿ ಮುಗಿಸಿ ಹೋಗುವವರು ತಮ್ಮ ಬೀಡನ್ನು ಒಬ್ಬ ಕಿರಿಯರಿಗೆ ಕೊಟ್ಟು ಹೋಗುವುದು ಆ ಪದ್ಧತಿ. ಅದು ಸಿಕ್ಕವನಿಗೆ ಪಟ್ಟ ಕಟ್ಟಿದಂತೆ. ಇಳಕಲ್ಲಿನ ಸುಜಾತಕ್ಕ ನಮ್ಮ ಹಿರಿಯರಲ್ಲಿ ಎಲ್ಲರಿಗಿಂತ ಜಾಣೆ. ಪಲ್ಲಾಡಿಯಂ ಎಂಬ ಬಂಗಾರದಂಥ ತುಟ್ಟಿ ಲೋಹದ ಮೇಲೆ ಕೆಲಸ ಮಾಡಿದವಳು. ಆಕೆಯ ಬೀಡ್ ನನಗೇ ಸಿಗುತ್ತದೆಂದು ಎಷ್ಟೋ ದಿನ ಆಕೆಯ ಗಾಜಿನ ಸಾಮಾನುಗಳನ್ನೆಲ್ಲ ನಾನೇ ತೊಳೆದುಕೊಟ್ಟಿದ್ದೆ, ಒಡೆದವುಗಳನ್ನು ಬಿಟ್ಟು. ಮೌಖಿಕ ಪರೀಕ್ಷೆ ಮುಗಿದ ದಿನ ಆಕೆ ಬೀಡನ್ನು ವೀರೇಶನ ಅಂಗೈಯಲ್ಲಿಟ್ಟಳು.

“ಪರಶ್ಯಾ, ನಿನಗ ಕೊಟ್ರ ನಾಳಿಗೆ ಅದು ಮೋರಿಗೆ ಹೋಗಿರ್ತೈತೋ,” ಎಂದು ನನ್ನ ಬೆನ್ನು ತಟ್ಟಿದಳು.

ಮಾತು ಖರೆ. ಫ್ಲಾಸ್ಕು ಬಗ್ಗಿಸುವಾಗ ಬೀಡನ್ನು ಹಿಡಿದುಕೊಳ್ಳುವುದು ನನಗೆ ನೆನಪಿರುತ್ತಿರಲಿಲ್ಲ. ಕಾಲೇಜಿನ ಮೋರಿಯಲ್ಲಿ ನನ್ನ ಬೀಡುಗಳು ಒಂದು ಸಂಸಾರವನ್ನೇ ಹೂಡಿದ್ದವು. ಆದರೂ ಆ ದಿನ ನಾನು ಊಟ ಮಾಡಲಿಲ್ಲ. ಬೂದುಬಣ್ಣಕ್ಕೆ ತಿರುಗಿದ, ಮೈತುಂಬ ಗೀರು ಬಿದ್ದ ಆ ಹಳೆಯ ತುಂಡಿಗಾಗಿ ಯಾರಾದರೂ ಉಪವಾಸ ಬೀಳುತ್ತಾರೆಯೇ ಎಂದು ನೀವು ಕೇಳಬಹುದು. ನಾನು ಬಿದ್ದೆ.

ಮರುವರ್ಷ ವೀರೇಶ ಒಂದು ದೊಡ್ಡ ಸಾಧನೆ ಮಾಡಿದ. ಇಂಗಾಲದ ಎರಡು ಉಂಗುರಗಳನ್ನು ಒಂದಕ್ಕೊಂದು ಬೆಸೆಯುವ ಒಂದು ಹೆಸರುವಾಸಿ ಕ್ರಿಯೆ ಇದೆ. ಎಷ್ಟೋ ಗುಳಿಗೆಗಳ ಒಳಗೆ ಅಂಥ ಜೋಡಿ ಉಂಗುರ ಇರುತ್ತವೆ. ಅದಕ್ಕೆ ಪಲ್ಲಾಡಿಯಂ ಬೇಕೇ ಬೇಕು. ವೀರೇಶ ಪಲ್ಲಾಡಿಯಂ ಹಾಕದೆ, ಬರೀ ದಾಳಿಂಬೆ ಸಿಪ್ಪೆಯ ಬೂದಿ ನೀರಿನಲ್ಲಿ ಉಂಗುರಗಳನ್ನು ಬೆಸೆದುಬಿಟ್ಟ. ನೇರಳೆ ದೀಪದ ಕೆಳಗೆ ಆ ದುಂಡನೆಯ ಚುಕ್ಕೆ ನೋಡಿದ ದೇಸಾಯಿ ಸರ್, “ಛಲೋ ಆಗೇತಿ,” ಎಂದರು. ಎರಡೇ ಶಬ್ದ. ಇಷ್ಟು ವರ್ಷದಲ್ಲಿ ಆ ಕೋಣೆಯ ಗೋಡೆಗಳೂ ಅದನ್ನು ಕೇಳಿರಲಿಲ್ಲ. ಹುನಗುಂದದಲ್ಲಿ ವೀರೇಶನ ಅಜ್ಜಿ, ತನ್ನ ಮೊಮ್ಮಗ ಕಾಲೇಜಿನಲ್ಲಿ ವಿಭೂತಿ ಮಾಡುತ್ತಾನೆಂದು ಓಣಿಗೆಲ್ಲ ಹೇಳಿ, ಒಂದು ಉಂಡೆ ಕಳಿಸಿಕೊಡು ಎಂದು ಕೇಳಿದ್ದಳಂತೆ. ಇಳಕಲ್ಲಿನ ಒಂದು ಕಾಲೇಜಿನವರು ಅವನ ಪ್ರಬಂಧ ಮುಗಿದ ಕೂಡಲೇ ಕೆಲಸ ಕೊಡುವುದಾಗಿ ಮಾತು ಕೊಟ್ಟರು. ಆ ಪ್ರಬಂಧದ ಎದೆಗುಂಡಿಗೆಯೇ ಈ ಬೂದಿಯ ಅಧ್ಯಾಯ.

ನಾನು ಆ ವಾರ ಪೂರ್ತಿ ಗೋಡೆಯ ಕಡೆ ಮುಖ ಮಾಡಿ ಕೆಲಸ ಮಾಡಿದೆ.

ಆದರೆ ಸರ್ ಅವರ ಒಂದು ನಿಯಮ ನನ್ನನ್ನು ಗೋಡೆಯಿಂದ ಈ ಕಡೆ ತಿರುಗಿಸಿತು. ಯಾವ ಫಲಿತಾಂಶವೂ ಹೊರಗೆ ಹೋಗುವ ಮೊದಲು ಇನ್ನೊಬ್ಬರ ಕೈಯಲ್ಲಿ ಅದು ಆಗಬೇಕು. ಉಳಿದವರೆಲ್ಲ ಪರೀಕ್ಷೆಯ ಕೆಲಸದಲ್ಲಿ ಸಿಕ್ಕಿಕೊಂಡಿದ್ದರಿಂದ ವೀರೇಶನ ಕ್ರಿಯೆಯನ್ನು ಮತ್ತೆ ಮಾಡಿ ತೋರಿಸುವ ಪಾಳಿ ನನಗೆ ಬಂತು. ವೀರೇಶನದೇ ಬೂದಿ, ವೀರೇಶನದೇ ಸೀಸೆಗಳು, ಅವನು ಹೇಳಿದಷ್ಟೇ ಬಿಸಿ. ಸಂಜೆಗೆ ತಗಡು ಹಿಡಿದರೆ ಹೊಸ ಚುಕ್ಕೆ ಇಲ್ಲ. ಮರುದಿನ ಮತ್ತೆ ಮಾಡಿದೆ, ಇಲ್ಲ. ಗಾಜು ತೊಳೆದು, ದೇವರಿಗೆ ಕೈಮುಗಿದು ಮಾಡಿದೆ, ಇಲ್ಲ. ಲೋಕವೆಲ್ಲ ಒಪ್ಪಿದ್ದು ಒಂದೇ, ಪರಶುರಾಮನ ಕೈ ಸರಿಯಿಲ್ಲ. ನಾನೂ ಒಪ್ಪಿದೆ. ನನ್ನ ಕೈಯ ಚರಿತ್ರೆ ನನಗೇ ಗೊತ್ತಿತ್ತಲ್ಲ.

ಆ ಹೊತ್ತಿಗೆ ನನ್ನ ಬೀಡ್ ಎಂದಿನಂತೆ ಮೋರಿ ಸೇರಿತು. ವೀರೇಶನ ಬೀಡನ್ನು ಕೇಳಿ ಪಡೆದೆ. ಹಸು ಮಾರಿದವನಂತೆ ಹಿಂದೆ ಮುಂದೆ ನೋಡಿ ಕೊಟ್ಟ. ಸಾಬೂನಿನಿಂದ ತೊಳೆದು ಒರೆಸಿ ವಾಪಸು ಕೊಡಬೇಕು ಎಂದು ಹೇಳಿ ಹೋದ. ಅದನ್ನು ಹಾಕಿ ಕ್ರಿಯೆ ಇಟ್ಟೆ. ಸಂಜೆ ದೀಪದ ಕೆಳಗೆ ಹಿಡಿದರೆ, ಇಷ್ಟು ದುಂಡನೆಯ ಚುಕ್ಕೆ ನನ್ನ ಜನ್ಮದಲ್ಲಿ ನಾನು ಹಾಕಿರಲಿಲ್ಲ. ನನ್ನ ಕೈ ಸುಧಾರಿಸಿತು ಎಂದು ಇಡೀ ವಿಭಾಗಕ್ಕೆ ಗಿರಮಿಟ್ ತರಿಸಿ ತಿನ್ನಿಸಿದೆ. ತಿಂದವರೆಲ್ಲ ನನ್ನ ಕೈ ಕುಲುಕಿದರು. ಕಾಲೇಜಿನ ಜವಾನ ಕೂಡ ಬಂದು ಕೈ ತಿರುಗಿಸಿ ನೋಡಿ ಹೋದ.

ಮರುದಿನ ಬೀಡ್ ವಾಪಸು ಕೊಟ್ಟು, ಹೊಸ ಪೊಟ್ಟಣದಿಂದ ಹೊಸ ಬೀಡ್ ತೆಗೆದು ಮತ್ತೆ ಮಾಡಿದೆ. ಚುಕ್ಕೆ ಇಲ್ಲ.

ಈಗ ಒಬ್ಬ ವಿಜ್ಞಾನಿ ಏನು ಮಾಡುತ್ತಾನೆ? ಯೋಚನೆ ಮಾಡುತ್ತಾನೆ. ನಾನು ಮಾಡಿದ್ದು ಅದಲ್ಲ. ಸುಜಾತಕ್ಕನ ಬೀಡಿಗೆ ಯೋಗ ಇದೆ, ಅದು ನನಗೆ ಸಿಕ್ಕಿದ್ದರೆ ಇಳಕಲ್ಲಿನ ಕೆಲಸ ನನ್ನದಾಗುತ್ತಿತ್ತು ಎಂದು ಹಲ್ಲು ಕಡಿದೆ. ಎಂ.ಎಸ್ಸಿ.ಯಲ್ಲಿ ಮೊದಲ ದರ್ಜೆ ಬಂದವನು ಅಯಸ್ಕಾಂತದ ತುಂಡಿನ ಜಾತಕ ನೋಡುತ್ತ ಕುಳಿತಿದ್ದೆ. ಹಲ್ಲು ಕಡಿಯುತ್ತಲೇ ಇನ್ನೊಂದು ಆಸೆ ಹುಟ್ಟಿತು. ಇದರಲ್ಲಿ ವೀರೇಶನ ಜಾಣತನ ಏನೂ ಇಲ್ಲ, ಎಲ್ಲ ಬೀಡಿನದೇ ಪುಣ್ಯ ಎಂದು ಅವನಿಗೆ ಮಾಡಿ ತೋರಿಸಬೇಕು. ಅವನು ಮಧ್ಯಾಹ್ನ ಗ್ರಂಥಾಲಯಕ್ಕೆ ಹೊರಟಾಗ ಮೇಜಿನ ಮೇಲಿದ್ದ ಬೀಡನ್ನು ಅವನಿಗೆ ಹೇಳಿಯೇ ತೆಗೆದುಕೊಂಡೆ. ಈ ಸಲ ಅವನ ಬೂದಿಯನ್ನು ಮುಟ್ಟಲಿಲ್ಲ. ಅಂಗಡಿಯಲ್ಲಿ ಸಿಗುವ ವಾಷಿಂಗ್ ಸೋಡಾ ಕರಗಿಸಿದ ಬರೀ ನೀರು, ಎರಡು ಉಂಗುರದ ವಸ್ತುಗಳು, ಬೀಡ್. ಅಷ್ಟೇ.

ಚುಕ್ಕೆ ಬಂತು. ಕುಂಕುಮದಷ್ಟು ದುಂಡಗೆ.

ಬೂದಿ ಇಲ್ಲದೆ ಬೂದಿಯ ಕೆಲಸ ಆಗಿತ್ತು. ಬೀಡಿನ ಗೀರುಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಒಳಗೆಲ್ಲ ಕಪ್ಪಗೆ ಮಸಿ ಕೂತ ಹಾಗಿತ್ತು. ಸುಜಾತಕ್ಕ ವರ್ಷಗಟ್ಟಲೆ ಪಲ್ಲಾಡಿಯಂನಲ್ಲಿ ಅದನ್ನು ತಿರುಗಿಸಿದ್ದಳು. ಲೋಹದ ಧೂಳು ಗೀರುಗಳಲ್ಲಿ ಹೊಕ್ಕು ಕೂತಿತ್ತು. ಬಂಗಾರ ಕರಗಿಸುವಂಥ ಆಮ್ಲದಲ್ಲಿ ಅದ್ದದೆ ಅದು ಹೋಗುವಂಥದಲ್ಲ, ನಾವು ತೊಳೆಯುತ್ತಿದ್ದದ್ದು ಸಾಬೂನಿನಿಂದ. ಪಲ್ಲಾಡಿಯಂ ಇಲ್ಲ ಎಂದು ವೀರೇಶ ಬರೆದ ಪ್ರತಿಯೊಂದು ಫ್ಲಾಸ್ಕಿನಲ್ಲೂ ಪಲ್ಲಾಡಿಯಂ ಇತ್ತು. ಬೂದಿ ಮಾಡಿದ್ದು ನೀರಿಗೆ ಒಂದಿಷ್ಟು ಕ್ಷಾರ ಕೊಟ್ಟದ್ದು ಅಷ್ಟೇ. ಅಷ್ಟನ್ನು ವಾಷಿಂಗ್ ಸೋಡಾ ಕೂಡ ಕೊಡುತ್ತದೆ.

ನನಗೆ ಖುಷಿಯಾಯಿತು. ಒಬ್ಬನೇ ಇದ್ದೆ, ಸ್ವಲ್ಪ ಕುಣಿದೆ ಕೂಡ. ಆಮೇಲೆ ನೆನಪಾಯಿತು: ಲೇಖನ ಮರುವಾರ ಹೊರಗೆ ಹೋಗುವುದಿತ್ತು. ಅದು ಅಚ್ಚಾಗಿ, ದೂರದ ಯಾರೋ ಮಾಡಿ ನೋಡಿ, ಆಗಲಿಲ್ಲ ಎಂದು ಬರೆದರೆ ವೀರೇಶನ ಹೆಸರು ಕೆಲಸಕ್ಕೆ ಸೇರುವ ಮೊದಲೇ ಕೆಡುತ್ತಿತ್ತು. ಈಗಲೇ ಹೇಳಿದರೆ ಅವನ ಅಧ್ಯಾಯ ಹೋಗುತ್ತದೆ, ಇಳಕಲ್ಲಿನ ಕೆಲಸವೂ ಹೋಗುತ್ತದೆ. ಅದಕ್ಕಿಂತ ದೊಡ್ಡ ಸಂಕಟ ಬೇರೆಯೇ ಇತ್ತು. ಹೇಳುವವನು ನಾನು. ಇಡೀ ಬಾಗಲಕೋಟೆಯಲ್ಲಿ ಈ ಒಂದು ಮಾತನ್ನು ಯಾರ ಬಾಯಿಂದ ಕೇಳಿದರೂ ಜನ ನಂಬುತ್ತಿದ್ದರು, ನನ್ನದೊಂದನ್ನು ಬಿಟ್ಟು.

ಭಾನುವಾರ ವೀರೇಶನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಚೊಳಚಗುಡ್ಡಕ್ಕೆ ಹೋದೆ. ಬನಶಂಕರಿಯ ಹೊಂಡದ ದಂಡೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳ ಹತ್ತಿರ ರೊಟ್ಟಿ, ಗಟ್ಟಿ ಮೊಸರು, ಶೇಂಗಾ ಚಟ್ನಿ ಹಾಕಿಸಿಕೊಂಡೆವು. ಅವನು ಎರಡನೆಯ ರೊಟ್ಟಿ ಮುರಿಯುವ ತನಕ ಕಾದು, ಎಲ್ಲ ಹೇಳಿದೆ. ಹೊಸ ಬೀಡು, ಹಳೆಯ ಬೀಡು, ಸೋಡಾ, ಚುಕ್ಕೆ, ಗೀರಿನೊಳಗಿನ ಕಪ್ಪು. ಅವನು ಅಗಿಯುವುದನ್ನು ನಿಲ್ಲಿಸಿದ.

“ನಿನ್ನ ಹೊಟ್ಟಿಕಿಚ್ಚು ಇದು,” ಎಂದ.

“ಹೌದು. ಹೊಟ್ಟಿಕಿಚ್ಚಿಗೇ ಮಾಡಿ ನೋಡೀನಿ. ಆದ್ರ ಚುಕ್ಕಿಗೆ ಹೊಟ್ಟಿ ಇಲ್ಲಲ್ಲೋ.”

“ಸರ್‌ಗೆ ಹೇಳಿಯೇನು?”

“ಇಲ್ಲ. ನಾ ಹೇಳಿದ್ರ ಯಾರು ನಂಬ್ತಾರ?”

ಅವನು ಹೊಂಡದ ನೀರು ನೋಡುತ್ತ ಕುಳಿತ. ರೊಟ್ಟಿ ಹಾಕಿದ ಹೆಣ್ಣುಮಗಳು ಮೊಸರು ಇನ್ನೂ ಬೇಕೇನು ಎಂದು ಕೇಳಿದಳು, ಅವನಿಗೆ ಕೇಳಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದ.

“ಖರೆ ಹೇಳು ಪರಶ್ಯಾ. ನಿನಗ ಖುಷಿ ಆಗೇತಿಲ್ಲೋ?”

“ಆಗೇತಿ,” ಎಂದೆ. “ಭಾಳ ಆಗೇತಿ. ಅದಕ್ಕs ನಿನ್ನ ಮುಂದ ಹೇಳಾಕ ಇಷ್ಟು ದೂರ ಬಂದೀನಿ. ಕಾಲೇಜಿನ್ಯಾಗ ಹೇಳಿದ್ರ ನಕ್ಕುಬಿಡ್ತಿದ್ದೆ.”

ಅವನು ತನ್ನ ತಾಟಿನಲ್ಲಿದ್ದ ಅರ್ಧ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿ ಎದ್ದ. ವಾಪಸು ಬರುವಾಗ ಬಾದಾಮಿ ದಾಟಿ, ಕೆರೂರಿನಲ್ಲಿ ನಮ್ಮ ಮನೆಯ ತಿರುವು ಬಂದಾಗ, ನಾಳೆ ಸರ್ ಮುಂದೆ ನಾನೇ ಮಾಡುತ್ತೇನೆ, ನೀನು ಬರೀ ಪಕ್ಕದಲ್ಲಿ ನಿಲ್ಲು ಎಂದಷ್ಟೇ ಹೇಳಿದ.

ಹಾಗೇ ಮಾಡಿದ. ಸೋಮವಾರ ಬೆಳಿಗ್ಗೆ ದೇಸಾಯಿ ಸರ್‌ಗೆ ಕುರ್ಚಿ ಹಾಕಿ ಕೂರಿಸಿ, ಒಂದು ವಿಷಯ ನೋಡಬೇಕಿದೆ ಎಂದ. ಒಂದು ಫ್ಲಾಸ್ಕಿನಲ್ಲಿ ಬೂದಿ ನೀರು, ಹೊಸ ಬೀಡು. ಇನ್ನೊಂದರಲ್ಲಿ ವಾಷಿಂಗ್ ಸೋಡಾ, ಹಳೆಯ ಬೀಡು. ಸರ್ ಪತ್ರಿಕೆ ಓದುತ್ತ ಕೂತರು. ಕ್ರಿಯೆ ಮುಗಿಯುವ ತನಕ ವೀರೇಶ ಮೇಜು ಬಿಟ್ಟು ಕದಲಲಿಲ್ಲ. ನಾನು ಪಕ್ಕದಲ್ಲಿ ನಿಂತು, ಬೂದಿಯ ಫ್ಲಾಸ್ಕಿನಲ್ಲಿ ಚುಕ್ಕೆ ಬಂದುಬಿಡಲಿ ಎಂದು ಒಂದು ಕ್ಷಣ ಬೇಡಿಕೊಂಡೆ. ಮರುಕ್ಷಣ ಬರಬಾರದು ಎಂದು ಬೇಡಿಕೊಂಡೆ. ದೇವರಿಗೂ ಸಾಕುಸಾಕಾಗಿರಬೇಕು.

ದೀಪ ಹಚ್ಚಿದರು. ಬೂದಿಯ ತಗಡು ಖಾಲಿ. ಸೋಡಾದ ತಗಡಿನಲ್ಲಿ ಚುಕ್ಕೆ.

ವೀರೇಶ ತಾನೇ ಎಲ್ಲ ವಿವರಿಸಿದ. ಎಲ್ಲಿಯೂ ಧ್ವನಿ ತಡವರಿಸಲಿಲ್ಲ. ಅದಕ್ಕೂ ನನಗೆ ಹೊಟ್ಟೆ ಉರಿಯಿತು, ನಾನಾಗಿದ್ದರೆ ಮೂರನೆಯ ವಾಕ್ಯಕ್ಕೆ ಅತ್ತುಬಿಡುತ್ತಿದ್ದೆ. ಸರ್ ಎರಡೂ ತಗಡುಗಳನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದರು.

“ಲೇಖನಾ ಕಳಸೂದು ಬ್ಯಾಡ,” ಎಂದರು. ಆಮೇಲೆ, “ಬೂದಿ ಹಾಕದs ಮೊದಲ ಮಾಡಿ ನೋಡಿದಾವ್ರು ಯಾರು?”

ವೀರೇಶ ನನ್ನನ್ನು ತೋರಿಸಿದ. ಸರ್ ಕನ್ನಡಕದ ಮೇಲಿಂದ ನೋಡಿದರು.

“ಯಾಕ ಮಾಡಿದಿ?”

ಉತ್ತರಗಳು ಬೇಕಾದಷ್ಟಿದ್ದವು. ಒಂದೊಂದನ್ನೇ ತೆಗೆದುಹಾಕಿ ನೋಡುವುದು ನಮ್ಮ ಶಾಸ್ತ್ರದ ಮೊದಲ ಪಾಠ ಎನ್ನಬಹುದಿತ್ತು. ಬಾಯಿಗೆ ಬಂದದ್ದು ಬೇರೆ.

“ಹೊಟ್ಟಿಕಿಚ್ಚಿಗೆ ಮಾಡೀನ್ರಿ ಸರ್.”

ಸರ್ ಹೂಂ ಅನ್ನಲಿಲ್ಲ. “ಇಷ್ಟು ಮಂದಿ ಇದನ್ನ ನೋಡೀವಿ,” ಎಂದರು, “ನಾನೂ ನೋಡೀನಿ. ಒಬ್ಬರಿಗೂ ಬೂದಿ ಬಿಟ್ಟು ಮಾಡಬೇಕು ಅನಸಲಿಲ್ಲ. ಎಲ್ಲಾರಿಗೂ ವೀರೇಶನ ಮ್ಯಾಲ ಪ್ರೀತಿ ಇತ್ತು.” ಎದ್ದು ನಿಂತು, ಬಾಗಿಲ ತನಕ ಹೋಗಿ, ತಿರುಗಿದರು. “ಇನ್ನ ಮ್ಯಾಲ ಎಲ್ಲಾರ ಮ್ಯಾಲೂ ಹೊಟ್ಟಿಕಿಚ್ಚು ಪಡು, ಪರಶುರಾಮ. ಯಾರದೂ ನೀ ಮಾಡದs ಹೊರಗ ಹೋಗೂದಿಲ್ಲ.”

ಹೀಗೆ ನನಗೆ ಒಂದು ಹುದ್ದೆ ಸಿಕ್ಕಿತು. ಆ ಕೋಣೆಯಲ್ಲಿ ಕೈ ಸರಿಯಿಲ್ಲದವನ ಕೈಯಲ್ಲಿ ಆದರೆ ಮಾತ್ರ ಅದು ಆದ ಹಾಗೆ. ನನ್ನ ಮುಂದೆ ಫ್ಲಾಸ್ಕು ಹಿಡಿದು ಪಾಳಿ ಹಚ್ಚತೊಡಗಿದರು.

ವೀರೇಶ ಹುನಗುಂದಕ್ಕೆ ಹೋಗಿಬಿಟ್ಟ. ಇಳಕಲ್ಲಿನ ಕೆಲಸ ಆ ವರ್ಷ ಬೇರೆಯವರಿಗೆ ಹೋಯಿತು. ನಾನು ಆ ದಿನಗಳಲ್ಲಿ ಚೆನ್ನಾಗಿ ಉಂಡೆ, ಚೆನ್ನಾಗಿ ಮಲಗಿದೆ, ಸುಳ್ಳೇಕೆ ಹೇಳಲಿ. ನಡುವೆ ಒಂದೇ ಒಂದು ಮುಳ್ಳು ಚುಚ್ಚುತ್ತಿತ್ತು: ಎಲ್ಲರೂ ಅವನಿಗೆ ಫೋನು ಮಾಡಿ ಸಮಾಧಾನ ಹೇಳುತ್ತಿದ್ದರು. ಇಷ್ಟು ವರ್ಷ ನನ್ನ ಫ್ಲಾಸ್ಕುಗಳು ಸಾಲುಸಾಲಾಗಿ ಸತ್ತಿದ್ದವು, ಒಬ್ಬರೂ ಫೋನು ಮಾಡಿರಲಿಲ್ಲ.

ಕೆಲವು ದಿನ ಕಳೆದು ಬೆಳಿಗ್ಗೆ ಅವನು ಬಂದ. ಗಡ್ಡ ಬಂದಿತ್ತು, ಕಣ್ಣು ಮಾತ್ರ ಹೊಳೆಯುತ್ತಿದ್ದವು. ಚೀಲ ಇಳಿಸುವ ಮೊದಲೇ ಮಾತು ಸುರುಮಾಡಿದ.

“ಪರಶ್ಯಾ, ಆ ಗೀರಿನ್ಯಾಗ ಎಷ್ಟು ಪಲ್ಲಾಡಿಯಂ ಇದ್ದೀತು?”

“ಧೂಳು. ಕಣ್ಣಿಗೆ ಕಾಣೂದಿಲ್ಲ.”

“ಹೌದಿಲ್ಲೋ? ಕಣ್ಣಿಗೆ ಕಾಣದಷ್ಟು ಧೂಳು. ಅಷ್ಟರಾಗs ಇಷ್ಟು ದಿನ ನನ್ನ ಎಲ್ಲಾ ಕ್ರಿಯೆ ನಡದಾವು. ಸುಜಾತಕ್ಕ ಚಮಚಾಗಟ್ಲೆ ಹಾಕ್ತಿದ್ದಳು. ಜಗತ್ತೆಲ್ಲಾ ಹಾಕ್ತೈತಿ. ಯಾಕ ಹಾಕಬೇಕಲೇ ಅಷ್ಟು?”

ನಾನು ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಪಲ್ಲಾಡಿಯಂ ಬೇಡವೇ ಬೇಡ ಎಂದು ನಾವೆಲ್ಲ ಬಡಿದಾಡುತ್ತಿದ್ದೆವು. ಬೇಕು, ಆದರೆ ಇಲ್ಲದಷ್ಟೇ ಸಾಕು ಎಂದು ಆ ಬೀಡ್ ದಿನವೂ ತಿರುತಿರುಗಿ ಹೇಳುತ್ತಿತ್ತು. ಅವನು ಹುನಗುಂದದಲ್ಲಿ ಮಲಗಿ ಅದನ್ನು ಕೇಳಿಸಿಕೊಂಡಿದ್ದ. ಬೀಡ್ ನನ್ನ ಅಂಗೈಯಲ್ಲಿತ್ತು, ಸೋಡಾ ನೀರಿನ ಚುಕ್ಕೆ ಮೊದಲು ಕಂಡದ್ದು ನನಗೆ, ಭೂತಗನ್ನಡಿ ಹಿಡಿದವನು ನಾನು. ಆದರೆ ನಾನು ನೋಡುತ್ತಿದ್ದದ್ದು ವೀರೇಶನನ್ನು.

“ನಿನಗ ಹೊಳೀಲಿಲ್ಲೇನು?” ಎಂದು ಕೇಳಿದ. ಕುಹಕವಿರಲಿಲ್ಲ, ಖರೆಯೇ ಕೇಳಿದ.

“ನಿನ್ನ ತಪ್ಪು ಹೊಳೀತು,” ಎಂದೆ. “ಅಲ್ಲಿಗೇ ಹೊಟ್ಟಿ ತುಂಬಿತು.”

ಆ ಪ್ರಶ್ನೆಯೇ ಮುಂದೆ ಅವನ ಪ್ರಬಂಧವಾಯಿತು. ತಡವಾಗಿಯಾದರೂ ಇಳಕಲ್ಲಿನಲ್ಲಿ ಕೆಲಸವೂ ಆಯಿತು. ಲೇಖನದಲ್ಲಿ ಅವನ ಹೆಸರು ಮೊದಲು, ನನ್ನದು ಎರಡನೆಯದು. ಆ ಎರಡನೆಯ ಜಾಗಕ್ಕೆ ಬರಲು ನಾನು ಏನು ಮಾಡಿದೆ ಎಂದು ಹೊಸ ಹುಡುಗರು ಕೇಳಿದರೆ ಆ ಬೆಳಗಿನದನ್ನೇ ಹೇಳುತ್ತೇನೆ.

ವೀರೇಶ ಹೊಸ ಫ್ಲಾಸ್ಕು ತೆಗೆದು, ಬೀಡಿನ ಹೊಸ ಪೊಟ್ಟಣ ಹರಿದು, ಪಲ್ಲಾಡಿಯಂ ಸೀಸೆಯನ್ನು ಕೈಗೆತ್ತಿಕೊಂಡ. ಮುಚ್ಚಳ ತೆರೆಯುವವನು ನಿಂತ. ಸೀಸೆಯನ್ನು ನನ್ನ ಮುಂದೆ ಸರಿಸಿದ.

“ನೀ ಹಾಕು. ನಾ ಹಾಕಿದ್ರ ಇನ್ನ ಯಾರೂ ನಂಬೂದಿಲ್ಲ.”

ಅವನ ಪ್ರಶ್ನೆಗೆ ಉತ್ತರ ನನ್ನ ಕೈಯಿಂದ ಬರುವುದಿತ್ತು. ಈ ಕೈ ನಡುಗಿ ಒಂದು ಕಣ ಹೆಚ್ಚು ಬಿದ್ದರೂ ಅವನ ವಾದ ಮುಳುಗುತ್ತಿತ್ತು. ನಾನು ತಕ್ಕಡಿಯ ಗಾಜಿನ ಬಾಗಿಲು ಸರಿಸಿ, ಉಸಿರು ಬಿಗಿಹಿಡಿದು, ಸೂಜಿಯ ತುದಿಯಲ್ಲಿ ಲೋಹ ತೆಗೆದುಕೊಂಡೆ. ಹೊಟ್ಟೆ ಧಗಧಗ ಉರಿಯುತ್ತಿತ್ತು. ಕೈ ನಡುಗಲಿಲ್ಲ.